ಸಾವಿನ ಮನೆಗೆ ಹೋಗಿ ಬಂದರೆ ಅದು ಕೆಲಸವಲ್ಲವೇ?

ಸಂಪಾದಕರಿಗೆ ನಮಸ್ಕಾರ.

ಶ್ರೀನಿವಾಸಪುರ, ಮುಳಬಾಗಿಲು ಕಡೆ ಪ್ಯಾಲಿಯೇಟಿವ್ ಕೇರ್ ತಂಡದ ಗಾಡಿ ಓಡಿಸುವವನು ನಾನು. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಕಡಿಮೆ ಮಾಡುವುದು ತಂಡದ ಕೆಲಸ. ಆ ತಂಡದವರ ಮನಸ್ಸಿನ ಬಗ್ಗೆ ಒಂದೆರಡು ಮಾತು.

ನಾವು ನೋಡುವವರಲ್ಲಿ ಬಾಯಿ ಕ್ಯಾನ್ಸರಿನವರೇ ಜಾಸ್ತಿ. ಹೊಗೆಸೊಪ್ಪು, ಗುಟ್ಕಾ. ಕೆಲವರಿಗೆ ಕೆನ್ನೆ ತೂತಾಗಿ ಹುಳ ಬಿದ್ದಿರುತ್ತದೆ. ಸಿಸ್ಟರ್ ಟರ್ಪೆಂಟೈನ್ ಎಣ್ಣೆ ಹಾಕಿ, ಹುಳ ಮೇಲೆ ಬರುವ ತನಕ ಕಾದು, ಫೋರ್ಸೆಪ್ಸ್‌ನಲ್ಲಿ ಒಂದೊಂದೇ ತೆಗೆಯುತ್ತಾರೆ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುತ್ತಾರೆ. ಅಷ್ಟು ಹೊತ್ತೂ ಆ ಮನುಷ್ಯನ ಜೊತೆ ಮಾವಿನ ರೇಟಿನ ಮಾತು, ನಗು. ಗಾಡಿ ಹತ್ತಿದ ಮೇಲೆ ಮಾತೇ ಇಲ್ಲ. ಊಟದ ಡಬ್ಬಿ ಹಾಗೇ ವಾಪಸ್ ಹೋಗುತ್ತದೆ.

ಹೀಗೆ ತಿಂಗಳುಗಟ್ಟಲೆ ನೋಡಿಕೊಂಡವರು ಒಂದು ದಿನ ತೀರಿಕೊಳ್ಳುತ್ತಾರೆ. ರಿಜಿಸ್ಟರಿನಲ್ಲಿ 'ಮರಣ' ಅಂತ ಬರೆದು ಮುಂದಿನ ಮನೆಗೆ ಹೊರಡಬೇಕು. ಆ ಮನೆಯವರನ್ನು ಮಾತಾಡಿಸಿ ಬರೋಣ ಅಂದರೆ ಅದು ವಿಸಿಟ್ ಲೆಕ್ಕಕ್ಕೆ ಬರುವುದಿಲ್ಲ. ಡೀಸೆಲ್‌ಗೆ ನಾನು ಕಾರಣ ಹೇಳಬೇಕು. ಅದಕ್ಕೇ ಕೆಲವು ಸಿಸ್ಟರ್‌ಗಳು ರಜೆ ದಿನ ಬಸ್ ಹತ್ತಿ ಹನ್ನೊಂದನೇ ದಿನದ ತಿಥಿಗೆ ಹೋಗಿ ಬರುತ್ತಾರೆ. ಹೋಗಿ ಬಂದವರ ಮುಖ ಸ್ವಲ್ಪ ಗೆಲುವಾಗಿರುತ್ತದೆ, ನಾನೇ ನೋಡಿದ್ದೇನೆ.

ರೋಗಿ ಹೋದ ಮೇಲೆ ಮನೆಯವರ ದುಃಖಕ್ಕೆ ಆಸರೆಯಾಗುವುದೂ ಪ್ಯಾಲಿಯೇಟಿವ್ ಕೇರ್‌ಗೆ ಸೇರಿದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2002ರಲ್ಲಿ ಹೇಳಿದೆ. ನಮ್ಮ ದೇಶದಲ್ಲೂ 2012ರಿಂದ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. ಮತ್ತೆ ಇದು ಕೆಲಸ ಹೇಗಲ್ಲ?

ಟ್ರೈನಿಂಗ್‌ನಲ್ಲಿ ಯೋಗ ಮಾಡಿ, ಧ್ಯಾನ ಮಾಡಿ ಅನ್ನುತ್ತಾರೆ. ಬೇಡ ಅಂತಲ್ಲ. ಮನಸ್ಸಿನ ಕಷ್ಟ ಫೋನಿನಲ್ಲಿ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ನಂಬರ್ 14416 ಹಗಲೂ ರಾತ್ರಿ ಇದೆ, ಒಳ್ಳೆಯದೇ. ಆದರೆ ಆ ರೋಗಿಯನ್ನು ಕಂಡವರೇ ಜೊತೆ ಕುಳಿತು ಮಾತಾಡುವುದು ಬೇರೆ, ಅಲ್ವಾ? ಈಗ ಅದು ನಡೆಯುವುದು ಗಾಡಿಯ ಹಿಂದಿನ ಸೀಟಿನಲ್ಲಿ. ನಾನು ರೇಡಿಯೋ ಬಂದ್ ಮಾಡಿ ಸ್ವಲ್ಪ ನಿಧಾನಕ್ಕೆ ಓಡಿಸುತ್ತೇನೆ.

ಸಾವಾದ ಮನೆಗೆ ಹೋದದ್ದನ್ನೂ ವಿಸಿಟ್ ಅಂತಲೇ ಬರೆದುಕೊಳ್ಳಲಿ. ವಾರಕ್ಕೊಮ್ಮೆ, ಡ್ಯೂಟಿ ಹೊತ್ತಿನಲ್ಲೇ, ಮೇಲಿನವರು ಯಾರೂ ಇಲ್ಲದೆ ಒಂದು ಗಂಟೆ ಕುಳಿತು ಮಾತಾಡಲು ಬಿಡಲಿ. ಆಯಾನೂ ಡ್ರೈವರೂ ಒಳಗಿರಲಿ. ನಡೆಯಲಾಗದವರನ್ನು ಮಂಚದಿಂದ ಗಾಡಿಗೆ ಎತ್ತಿ ತರುವವರು ನಾವೇ.

– ಮನೆ ಆರೈಕೆ ವಾಹನದ ಚಾಲಕ, ಶ್ರೀನಿವಾಸಪುರ, ಕೋಲಾರ ಜಿಲ್ಲೆ