ಆ ಕೊನೆಯ ಸಾಲು ತೆಗೆದುಬಿಡು, ಮಗಳೇ

ಪ್ರೀತಿಯ ಮಗಳೇ,

ನಿನ್ನ ಪುಟ್ಟ ಕಥೆ ಓದಿದೆ. ಮತ್ತೆ ಮತ್ತೆ ಓದಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು "ಚೆನ್ನಾಗಿದೆಯೋ ಇಲ್ವೋ, ಅಷ್ಟು ಹೇಳಮ್ಮ" ಅಂತೀಯ. ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ. ಉಳಿದದ್ದನ್ನು ಹೇಳೋಕೆ ಕಾಗದವೇ ಸರಿ.

ನಿನ್ನ ಕಥೆಯಲ್ಲಿ ಒಂದು ಬಿಎಂಟಿಸಿ ಬಸ್ಸು. ವಯಸ್ಸಾದವರೊಬ್ಬರು ಕಿಟಕಿ ಪಕ್ಕದ ಸೀಟನ್ನು ಖಾಲಿ ಬಿಟ್ಟು ಈಚೆ ಕೂತಿದ್ದಾರೆ. "ನನಗೊಂದು ಟಿಕೆಟ್, ಇವಳಿಗೊಂದು ಫ್ರೀ ಟಿಕೆಟ್" ಅನ್ನುತ್ತಾರೆ. ಕಂಡಕ್ಟರ್ ಆಧಾರ್ ಕೇಳುತ್ತಾನೆ. ಅವರು ಅಂಗಿ ಜೇಬಿನಿಂದ ಹೆಂಡತಿಯ ಕಾರ್ಡ್ ತೆಗೆದು ಕೊಡುತ್ತಾರೆ. ಅದರ ಲ್ಯಾಮಿನೇಷನ್ ಅಂಚೆಲ್ಲ ಬಿಟ್ಟುಕೊಂಡಿದೆ. ಕಂಡಕ್ಟರ್ ಕಾರ್ಡ್ ನೋಡುತ್ತಾನೆ, ಸೀಟು ನೋಡುತ್ತಾನೆ. "ಅಮ್ಮ ಎಲ್ಲಿ ಇಳೀತಾರೆ?" ಅಂತ ಕೇಳುತ್ತಾನೆ. ಅದರ ಕೆಳಗೆ ನಿನ್ನ ಕೊನೆಯ ಸಾಲು: "ಅವರ ಹೆಂಡತಿ ತೀರಿಕೊಂಡು ವರ್ಷವಾಗಿತ್ತು."

ಆ ಸಾಲು ಬೇಡ. ತೆಗೆದುಬಿಡು.

ಕಂಡಕ್ಟರ್ ಆ ಪ್ರಶ್ನೆ ಕೇಳಿದಾಗಲೇ ನಿನ್ನ ಕಥೆ ಮುಗಿದಿದೆ. ಅವನಿಗೆ ಎಲ್ಲ ಅರ್ಥವಾಗಿದೆ, ಓದುವವರಿಗೂ ಅರ್ಥವಾಗಿದೆ. ಆಮೇಲೆ ನೀನು ಬಂದು ಬಿಡಿಸಿ ಹೇಳಿದರೆ, ಅವನು ತೋರಿಸಿದ ದೊಡ್ಡತನ ಹಿಂದೆ ಸರಿದು ಸಾವಿನ ಸುದ್ದಿ ಮುಂದೆ ಬರುತ್ತದೆ. ಆ ಸುದ್ದಿ ಯಾರು ಬೇಕಾದರೂ ಬರೆಯಬಹುದು. "ಅಮ್ಮ ಎಲ್ಲಿ ಇಳೀತಾರೆ" ಅನ್ನೋದು ನಿನಗೇ ಹೊಳೆದದ್ದು.

"ನೆನಪು" ಅನ್ನೋ ಹೆಸರೂ ಬೇಡ. ಇಷ್ಟು ಚಿಕ್ಕ ಕಥೆಯಲ್ಲಿ ಹೆಸರು ಕೂಡ ಒಂದು ಸಾಲಿನ ಕೆಲಸ ಮಾಡಬೇಕು. ನೀನಿಟ್ಟ ಹೆಸರು ಮೊದಲೇ ಗುಟ್ಟು ಬಿಟ್ಟುಕೊಡುತ್ತದೆ. "ಎರಡು ಟಿಕೆಟ್" ಅಂತಿಟ್ಟರೆ ಸಾಕಲ್ವಾ? ಇನ್ನೊಂದು ಸಣ್ಣ ಮಾತು. ಹೆಂಗಸರಿಗೆ ಬಸ್ಸು ಫ್ರೀ ಆದದ್ದು 2023ರ ಜೂನ್ 11ರಿಂದ. ಇವತ್ತು ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ಬಿಟ್ಟು ಓದುವವರಿಗೆ ಗೊತ್ತಿರುತ್ತೋ ಇಲ್ವೋ. ಕಂಡಕ್ಟರ್ ಬಾಯಲ್ಲಿ "ಲೇಡೀಸ್ ಆದ್ರೆ ಆಧಾರ್ ತೋರಿಸಿ" ಅಂತ ಬಂದರೆ ಸಾಕು. ಅದಕ್ಕಿಂತ ಜಾಸ್ತಿ ವಿವರಣೆ ಬೇಡ.

ನಾನು ಪತ್ರಿಕೆ ಆಫೀಸಿನಲ್ಲಿ ಪ್ರೂಫ್ ನೋಡುತ್ತಿದ್ದಾಗ ಇಂಥ ಪುಟ್ಟ ಕಥೆಗಳು ರಾಶಿ ಬರುತ್ತಿದ್ದವು. ಹನಿಗತೆ, ಕಿರುಗತೆ, ಈಗಿನವರ ನ್ಯಾನೋ ಕಥೆ, ಹೆಸರು ಏನೇ ಇರಲಿ. ಹೆಚ್ಚಿನವು ಕೊನೆಯ ಸಾಲಿಗಾಗಿಯೇ ಹುಟ್ಟಿದವು. ಮಾತಾಡುತ್ತಿದ್ದವನು ದೆವ್ವ, ನಡೆದದ್ದೆಲ್ಲ ಕನಸು, ಪ್ರೇಮಪತ್ರ ಬರೆಯುತ್ತಿದ್ದದ್ದು ನಾಯಿಗೆ. ಗುಟ್ಟು ತಿಳಿದ ಮೇಲೆ ಎರಡನೇ ಸಲ ಓದೋಕೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ನಿನ್ನ ಕಥೆಯನ್ನು ಗುಟ್ಟು ಗೊತ್ತಿದ್ದೂ ನಾನು ಮತ್ತೆ ಓದಿದೆ, ಆ ಕಾರ್ಡಿನ ಅಂಚಿಗಾಗಿ. ಅಂಥದ್ದೊಂದು ವಸ್ತು ಸಿಕ್ಕಿತು ಅಂದರೆ ಅರ್ಧ ಕಥೆ ಸಿಕ್ಕಿದ ಹಾಗೆ.

ಕಥೆಗಾರ ಸಾದತ್ ಹಸನ್ ಮಂಟೋನ "ಸಿಯಾಹ್ ಹಾಶಿಯೇ" ಓದು. 1948ರಲ್ಲಿ ಬಂದ ಉರ್ದು ಪುಸ್ತಕ, ದೇಶ ಎರಡಾದಾಗಿನ ಗಲಭೆಯ ಚಿಕ್ಕ ಚಿಕ್ಕ ಕಥೆಗಳು. ಕೆಲವು ಎರಡು ಮೂರೇ ಸಾಲು. ಎಷ್ಟೋ ಕಡೆ ಕೊಂದವನು ಯಾವ ಧರ್ಮದವನು, ಸತ್ತವನು ಯಾವ ಧರ್ಮದವನು ಅಂತ ಅವನು ಹೇಳುವುದೇ ಇಲ್ಲ. ಹೇಳಿದ್ದರೆ ಓದುವವರು ತಕ್ಷಣ ಒಂದು ಪಕ್ಷ ಹಿಡಿದು ನೆಮ್ಮದಿಯಾಗಿಬಿಡುತ್ತಿದ್ದರು. ಏನನ್ನು ಬಿಡಬೇಕು ಅನ್ನೋದನ್ನು ಅವನಷ್ಟು ಯೋಚನೆ ಮಾಡಿ ಬಿಟ್ಟವರನ್ನು ನಾನು ಕಂಡಿಲ್ಲ. ಬಂಗಾಳಿಯಲ್ಲಿ ಬನಫೂಲ್ ಅಂತ ಒಬ್ಬರಿದ್ದರು. ಭಾಗಲ್ಪುರದಲ್ಲಿ ಲ್ಯಾಬ್ ನಡೆಸುತ್ತಿದ್ದ ಡಾಕ್ಟರ್, ಅರ್ಧ ಪುಟ, ಒಂದು ಪುಟದ ಕಥೆಗಳಿಗೆ ಹೆಸರಾದವರು. ಆಫೀಸ್ ಕೆಲಸದ ನಡುವೆ ಬರೆಯೋಕೆ ಆಗಲ್ಲ ಅಂತ ನಿನಗೆ ಅನ್ನಿಸಿದಾಗ ಅವರನ್ನು ನೆನೆಸಿಕೋ.

ಈಗ ಕಳಿಸುವ ಮಾತು. ಕಥೆಯನ್ನು ವಾಟ್ಸಾಪ್ ಸ್ಟೇಟಸ್ಸಿಗೋ ಇನ್‌ಸ್ಟಾಗ್ರಾಮಿಗೋ ಹಾಕಿಬಿಡಬೇಡ. ಪತ್ರಿಕೆಗಳೂ ಸ್ಪರ್ಧೆಗಳೂ ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕಥೆಯನ್ನೇ ಕೇಳುತ್ತವೆ. "ಇದು ನನ್ನ ಸ್ವಂತ ರಚನೆ, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ" ಅಂತ ಬರೆದುಕೊಡಬೇಕಾಗುತ್ತದೆ. ಆ ಮಾತು ನಿಜವಾಗಿರಲಿ. ಒಂದು ಸಲಕ್ಕೆ ಒಂದೇ ಕಡೆ ಕಳಿಸು. ಅಲ್ಲಿಂದ ಆಗಲ್ಲ ಅಂತ ಬಂದ ಮೇಲೆ ಇನ್ನೊಂದು ಕಡೆ.

ಎಲ್ಲಿಗೆ ಅಂತ ನನ್ನನ್ನು ಕೇಳುವುದಕ್ಕಿಂತ ನೀನೇ ನೋಡು. ವೈಟ್‌ಫೀಲ್ಡಿನಿಂದ ನೇರಳೆ ಮೆಟ್ರೋದಲ್ಲಿ ಬರುವಾಗ ಒಂದು ಶನಿವಾರ ಕಬ್ಬನ್ ಪಾರ್ಕಿನಲ್ಲಿ ಇಳಿ. ಆ ಕೆಂಪು ಕಟ್ಟಡದ ಸೆಂಟ್ರಲ್ ಲೈಬ್ರರಿಯಲ್ಲಿ ಕೂತು ಸುಧಾ, ತರಂಗ, ಮಯೂರ, ತುಷಾರ, ಕಸ್ತೂರಿ ಯಾವುದು ಸಿಕ್ಕರೂ ಈಚಿನ ಕೆಲವು ಸಂಚಿಕೆ ತಿರುವಿಹಾಕು. ಯಾರು ಪುಟ್ಟ ಕಥೆ ಹಾಕುತ್ತಾರೆ, ಎಷ್ಟು ಪದ, ಯಾವ ಪುಟದಲ್ಲಿ, ಗೊತ್ತಾಗುತ್ತದೆ. ನಮ್ಮ ಆಫೀಸಿನಲ್ಲಿ ದೊಡ್ಡ ಲೇಖನ ಮುಗಿದು ಪುಟದ ಕೆಳಗೆ ಜಾಗ ಉಳಿದರೆ ಇಂಥ ಕಥೆ ಹುಡುಕುತ್ತಿದ್ದೆವು. ಆಗ ಅಳತೆಗೆ ಸರಿಯಾಗಿರುವುದೇ ಕೈಗೆ ಬರುತ್ತಿತ್ತು. ಅದನ್ನು ಕೀಳು ಅಂದುಕೊಳ್ಳಬೇಡ. ಪುಟದ ಕೆಳಗಿನ ಆ ಹದಿನೈದು ಸಾಲನ್ನೇ ಜನ ಮೊದಲು ಓದುತ್ತಿದ್ದರು. ಇನ್ನು ದೀಪಾವಳಿ, ಯುಗಾದಿ ವಿಶೇಷಾಂಕಕ್ಕೆ ಹಬ್ಬದ ವಾರ ಕಳಿಸಿ ಪ್ರಯೋಜನವಿಲ್ಲ. ಅಷ್ಟೊತ್ತಿಗೆ ಪುಟಗಳೆಲ್ಲ ತುಂಬಿ ಪ್ರಿಂಟಿಗೆ ಹೋಗಿರುತ್ತವೆ.

ಫೋನಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಬೇಡ. ನೀನು "ವೈಟ್‌ಫೀಲ್ಡ್" ಅಂತ ಬರೆದದ್ದು ಎರಡು ಕಡೆ "ವೈಟ್ಫೀಲ್ಡ್" ಆಗಿ ಟಕಾರಕ್ಕೆ ಫಕಾರ ಒತ್ತು ಬಿದ್ದಿದೆ. ಯೂನಿಕೋಡಿನಲ್ಲೇ ಕಳಿಸು, ಜೊತೆಗೊಂದು ಪಿಡಿಎಫ್ ಇರಲಿ. ಪತ್ರಿಕೆಯವರು ಅದನ್ನು ಹಳೆಯ "ನುಡಿ" ಫಾಂಟಿಗೆ ಬದಲಾಯಿಸುವಾಗ ಅಕ್ಷರ ಕೆಟ್ಟರೆ, ಸರಿ ಏನು ಅಂತ ನೋಡೋಕೆ ಅವರಿಗೆ ಅದು ಬೇಕಾಗುತ್ತದೆ. ನೂರು ಪದದ ಕಥೆಯಲ್ಲಿ ಒಂದು ಒತ್ತು ತಪ್ಪಿದರೂ ಎದ್ದು ಕಾಣುತ್ತದೆ.

ದುಡ್ಡು ಕೊಟ್ಟರೆ ಸಂಕಲನಕ್ಕೆ ಸೇರಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬರೆದವಳಿಗೆ ಸಂಭಾವನೆ ಬರಬೇಕು, ಕಡಿಮೆಯಾದರೂ ಸರಿ.

ಹಕ್ಕಿನ ವಿಷಯ ತಿಳಿದಿರು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದ ಗಳಿಗೆಯಿಂದ ಕಥೆ ನಿನ್ನದು. ನೋಂದಣಿ ಕಡ್ಡಾಯವಲ್ಲ. ನೀನಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದಾದರೆ ಬರವಣಿಗೆಯಲ್ಲಿ ಇರಬೇಕು, ನಿನ್ನ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಅದರಲ್ಲಿ ಇಲ್ಲದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಯಾಕೆ ಹೇಳಿದೆ ಅಂದರೆ, ಇಂಥ ಕಥೆ ಅಚ್ಚಾದರೆ ಕಿರುಚಿತ್ರ ಮಾಡುತ್ತೇವೆ ಅಂತ ಯಾರಾದರೂ ಬರಬಹುದು. ಪರಿಚಯದವರೇ ಆದರೂ ಕಾಗದ ಪೂರ್ತಿ ಓದದೆ ಸಹಿ ಹಾಕಬೇಡ.

ಉತ್ತರವೇ ಬರದಿದ್ದರೆ ಬೇಜಾರಾಗುತ್ತದೆ, ಗೊತ್ತು. ಕಥೆ ಕೆಟ್ಟದ್ದು ಅಂತಲ್ಲ. ನಮ್ಮಲ್ಲಿ ಒಳ್ಳೆಯ ಕಥೆಗಳೂ ಜಾಗವಿಲ್ಲದೆ ವಾಪಸ್ ಹೋದದ್ದನ್ನು ನಾನೇ ನೋಡಿದ್ದೇನೆ. ಅಷ್ಟರಲ್ಲಿ ಮುಂದಿನದನ್ನು ಶುರು ಮಾಡಿರು. ನಿನ್ನ ಪಿಜಿ ಅಡುಗೆಯವರ ಬಗ್ಗೆ ಆವತ್ತು ಹೇಳಿದೆಯಲ್ಲ, ಅನ್ನಕ್ಕೆ ಅಕ್ಕಿ ಅಳೆಯುವಾಗ ಊರಿಗೆ ಹೋದವರ ಹೆಸರನ್ನೂ ಸೇರಿಸಿ ಎಣಿಸುತ್ತಾರೆ ಅಂತ. ಅದನ್ನು ಬರಿ.

ಈ ಭಾನುವಾರ ಮನೆಗೆ ಬರುವಾಗ "ಎರಡು ಟಿಕೆಟ್" ಪ್ರಿಂಟ್ ತೆಗೆದುಕೊಂಡು ಬಾ, ಸಾಲಿನ ನಡುವೆ ಜಾಗ ಜಾಸ್ತಿ ಬಿಟ್ಟು. ಊಟ ಆದ ಮೇಲೆ ಇಬ್ಬರೂ ಕೂತು ಪ್ರೂಫ್ ನೋಡಿ, ಸೋಮವಾರ ಬೆಳಿಗ್ಗೆ ಕಳಿಸೋಣ.

ನಿನ್ನ ಅಮ್ಮ
ಹನುಮಂತನಗರ, ಬೆಂಗಳೂರು