ಗೆಳೆಯನಿಗೊಂದು ಪತ್ರ: ಪಾಪು ಮನೆಗೆ ಬರುವ ಮೊದಲು, ಕೆಂಚನ ಬಗ್ಗೆ

ಗೆಳೆಯಾ,

ಸೀಮಂತ ಚೆನ್ನಾಗಿ ಆಯಿತು ಅಂತ ತಿಳಿದು ತುಂಬಾ ಖುಷಿಯಾಯಿತು. ಆದರೆ ನಿನ್ನ ಮೆಸೇಜಿನ ಕೊನೆಯ ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ಪಾಪು ಬರುವಷ್ಟರಲ್ಲಿ ಕೆಂಚನನ್ನು ತೋಟದ ಮನೆಗೆ ಬಿಟ್ಟುಬರೋಣ ಅಂತ ಮಾತಾಗುತ್ತಿದೆ ಅಂದೆಯಲ್ಲ, ದಯವಿಟ್ಟು ಬೇಡ ಕಣೋ. ಮರಿಯಿಂದ ನಿಮ್ಮ ಮಂಚದ ಪಕ್ಕ ಮಲಗಿ ಬೆಳೆದ ನಾಯಿ ಅದು. ಮಲೆನಾಡಿನ ತೋಟದಲ್ಲಿ ರಾತ್ರಿ ಒಂಟಿಯಾಗಿ ಕಟ್ಟಿಹಾಕಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ನಿನಗೆ ಗೊತ್ತಿಲ್ಲದ ವಿಷಯ ಅಲ್ಲ. ಇನ್ನೂ ಕೆಲವು ಗೆಳೆಯರು ಇದನ್ನೇ ಕೇಳಿದ್ದರು, ಹಾಗಾಗಿ ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು, ನಾಯಿಯಿಂದ ಬಸುರಿಗೂ ಮಗುವಿಗೂ ಕಾಯಿಲೆ ಬರುತ್ತದೆ ಅನ್ನುವ ನಿನ್ನ ಅಮ್ಮನ ಭಯದ ವಿಷಯ. ಅವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ವಾದ ಮಾಡಬೇಡ, ಸಮಾಧಾನವಾಗಿ ಹೇಳು. ಬಸುರಿಯರಿಗೆ ತೊಂದರೆ ಕೊಡುವ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ. ನಾಯಿ ಸಾಕಿದ್ದರಿಂದ ಅದು ಬರುತ್ತದೆ ಅಂತ ಹೆದರಬೇಕಿಲ್ಲ. ನಾಯಿ ಕೂದಲಿಂದ ಮಗುವಿಗೆ ಉಬ್ಬಸ ಬರುತ್ತದೆ ಅನ್ನುವ ಮಾತಿಗೆ, ಸ್ವೀಡನ್ನಿನಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಲ್ಲಿ, 6 ವರ್ಷದ ಹೊತ್ತಿಗೆ ಅಸ್ತಮಾ ಸುಮಾರು 13% ಕಡಿಮೆ ಕಂಡಿತ್ತು. ನಾಯಿ ಔಷಧಿ ಅಂತ ಇದರ ಅರ್ಥ ಅಲ್ಲ, ಆದರೆ ಓಡಿಸಲು ಇದು ಕಾರಣ ಆಗುವುದಿಲ್ಲ ಅಲ್ವಾ? ಹುಳದ ವಿಷಯದಲ್ಲಿ ಮಾತ್ರ ಅಮ್ಮ ಹೇಳುವುದು ಸರಿ. ನಾಯಿಯ ಹೊಟ್ಟೆಯ ಜಂತುಹುಳ ಮಕ್ಕಳಿಗೆ ದಾಟಬಹುದು. ಈ ವಾರವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗು. ಜಂತುಹುಳದ ಮಾತ್ರೆ, ರೇಬಿಸ್ ಲಸಿಕೆ, ಉಣ್ಣಿ ಹುಳಕ್ಕೆ ಔಷಧಿ, ಮೂರೂ ಆಗಲಿ, ಮತ್ತೆ ಯಾವಾಗ ಕೊಡಬೇಕು ಅಂತ ಅವರಿಂದಲೇ ಬರೆಸಿಕೊಂಡು ಬಾ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ಆಸ್ಪತ್ರೆಯಿಂದ ಮೂರನೇ ದಿನಕ್ಕೆ ಮಗು ಮನೆಗೆ ಬರುವವರಿಗೆ ಬರೆದದ್ದು. ನಮ್ಮಲ್ಲಿ ಹಾಗಲ್ಲ. ಹೆರಿಗೆ, ಬಾಣಂತನ ಎಲ್ಲ ತವರಿನಲ್ಲಿ, ಮಗು ನಿಮ್ಮ ಮನೆಗೆ ಬರುವುದು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ. ಅಷ್ಟು ದಿನ ಕೆಂಚನಿಗೆ ಅನ್ನ ಹಾಕುತ್ತಿದ್ದ ನಿನ್ನ ಹೆಂಡತಿಯ ಕೈ ಮನೆಯಲ್ಲಿ ಇರುವುದಿಲ್ಲ. ಆಮೇಲೆ ಒಂದು ದಿನ ಅವಳು ಬಾಗಿಲಲ್ಲಿ ನಿಂತಾಗ ಸಂತೋಷಕ್ಕೆ ಎದೆಮಟ್ಟ ಹಾರುತ್ತಾನೆ, ಅವಳ ಎದೆಯ ಮೇಲೆ ಮಗು ಇರುತ್ತದೆ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಅಪಾಯ ಆಗುವುದು ಅಲ್ಲಿ. ಆದ್ದರಿಂದ ಇವತ್ತಿನಿಂದಲೇ ಶುರು ಮಾಡು. ಮನೆಗೆ ಯಾರೇ ಬರಲಿ, ಹಾರಿದರೆ ಅವರು ಮುಟ್ಟಬಾರದು, ಮಾತಾಡಿಸಬಾರದು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು. ಹಾಲಿನವನೂ ಪಕ್ಕದ ಮನೆಯವರೂ ಇದನ್ನೇ ಮಾಡಲಿ, ಇಲ್ಲದಿದ್ದರೆ ನೀನೊಬ್ಬ ಮಾಡಿ ಏನೂ ಉಪಯೋಗ ಇಲ್ಲ.

ಮಗು ಬಂದ ಮೇಲೆ ಏನೇನು ಬದಲಾಗುತ್ತದೋ ಅದನ್ನೆಲ್ಲ ಈಗಲೇ ಬದಲಾಯಿಸು. ಮಲಗುವ ಕೋಣೆಯಿಂದ ಅವನ ಹಾಸಿಗೆಯನ್ನು ಹಜಾರಕ್ಕೆ ತಾ. ಬೆಳಗಿನ ವಾಕಿಂಗ್ ಒಂದು ದಿನ ಆರಕ್ಕೆ, ಇನ್ನೊಂದು ದಿನ ಎಂಟಕ್ಕೆ ಆಗಲಿ. ನೀನು ಅವಳನ್ನು ನೋಡಲು ಹೋದಾಗಲೆಲ್ಲ ಅಮ್ಮನ ಕೈಯಿಂದಲೇ ಊಟ ಹಾಕಿಸು. ಇದನ್ನೆಲ್ಲ ಮಗು ಬಂದ ದಿನ ಮಾಡಿದರೆ ಕೆಂಚನ ಲೆಕ್ಕದಲ್ಲಿ ಅವನ ಜಾಗ ಕಿತ್ತುಕೊಂಡದ್ದು ಮಗುವೇ. ಪಾಪ, ಮುಂದೆ ಗಮನ ಸಿಗುವುದಿಲ್ಲ ಅಂತ ಈ ತಿಂಗಳುಗಳಲ್ಲಿ ಮುದ್ದು ಜಾಸ್ತಿ ಮಾಡಲೂ ಬೇಡ. ಏರಿಸಿದಷ್ಟೂ ಇಳಿಯುವಾಗ ಅವನಿಗೇ ಕಷ್ಟ.

ತವರಿಗೆ ಹೋದಾಗ ಮಗುವಿಗೆ ಹಾಕಿದ ಬಟ್ಟೆಯೊಂದನ್ನು ಒಗೆಯದೆ ತಾ. ಎಣ್ಣೆ, ಹಾಲು, ಸಾಂಬ್ರಾಣಿ ಹೊಗೆ, ಎಲ್ಲದರ ವಾಸನೆ ಅದರಲ್ಲಿರುತ್ತದೆ. ಅವನ ಮೂಗಿಗೆ ಹಿಡಿಯಬೇಡ, ಊಟದ ತಟ್ಟೆಯಿಂದ ಸ್ವಲ್ಪ ದೂರ ಇಡು, ಬೇಕಿದ್ದರೆ ಅವನೇ ಬಂದು ಮೂಸಲಿ. ಮಗುವಿನ ಅಳುವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊ. ನಮಗೆ ಸುಮಾರು 20,000 ಹರ್ಟ್ಜ್ (ಸದ್ದು ಎಷ್ಟು ಕೀರಲು ಅನ್ನುವುದರ ಅಳತೆ) ತನಕ ಕೇಳಿಸಿದರೆ ನಾಯಿಗೆ ಸುಮಾರು 45,000 ತನಕ ಕೇಳಿಸುತ್ತದೆ, ಹಾಗಾಗಿ ಕೀರಲು ಅಳುವಿಗೆ ಅವನು ಬೆಚ್ಚಿದರೆ ಆಶ್ಚರ್ಯ ಇಲ್ಲ. ಅವನು ಊಟ ಮಾಡುವಾಗ ತೀರಾ ಸಣ್ಣ ಸದ್ದಿನಲ್ಲಿ ಹಾಕು. ಕಿವಿ ತಿರುಗಿಸಿ ಊಟ ಮುಂದುವರಿಸಿದರೆ ಸರಿ, ತಟ್ಟೆ ಬಿಟ್ಟು ಎದ್ದರೆ ಸದ್ದು ಜಾಸ್ತಿಯಾಯಿತು ಅಂತ. ಹಾಗೇ ನಿಧಾನವಾಗಿ ದಿನ ದಿನಕ್ಕೆ ಏರಿಸುತ್ತಾ ಹೋಗು.

ಮಗು ಬರುವ ದಿನ ಆರತಿ ಇರುತ್ತದೆ, ನೆಂಟರು ತುಂಬಿರುತ್ತಾರೆ. ಆ ಗದ್ದಲದಲ್ಲಿ ಭೇಟಿ ಮಾಡಿಸಲೇಬೇಡ. ಕೆಂಚ ಹಿಂದಿನ ಕೋಣೆಯಲ್ಲಿ ಏನಾದರೂ ಕಡಿಯುತ್ತಾ ಇರಲಿ. ಎಲ್ಲರೂ ಹೋದ ಮೇಲೆ, ಬೇಕಾದರೆ ಮಾರನೇ ದಿನ, ಚೆನ್ನಾಗಿ ನಡೆಸಿ ಸುಸ್ತು ಮಾಡಿಸಿ ಕರೆದುಕೊಂಡು ಬಾ. ಮೊದಲು ಅವಳೊಬ್ಬಳೇ ಬಂದು ಮಾತಾಡಿಸಲಿ, ಅಷ್ಟು ತಿಂಗಳ ಆಸೆ ತೀರಲಿ. ಆಮೇಲೆ ಮಗುವನ್ನು ಎತ್ತಿಕೊಂಡು ದೂರದಲ್ಲಿ ಕೂರಲಿ, ಹಗ್ಗ ನಿನ್ನ ಕೈಯಲ್ಲಿ ಸಡಿಲವಾಗಿರಲಿ. ಮುಖ ನೆಕ್ಕಿಸುವುದು, ಫೋಟೋಗೆ ಪಕ್ಕದಲ್ಲಿ ಮಲಗಿಸುವುದು ಯಾವುದೂ ಬೇಡ.

ಸಾಮಾನ್ಯವಾಗಿ ಜನ ಮಗು ಮಲಗಿದಾಗ ನಾಯಿಯನ್ನು ಮುದ್ದು ಮಾಡಿ, ಮಗು ಎದ್ದ ಕೂಡಲೇ 'ಹೋಗಾಚೆ' ಅನ್ನುತ್ತಾರೆ. ನಾಯಿ ಏನು ಕಲಿಯುತ್ತದೆ ಹೇಳು? ಈ ಮಗು ಎದ್ದರೆ ನನಗೆ ಬೈಗುಳ ಅಂತ. ನೀನು ಇದನ್ನು ತಿರುಗಿಸು. ಮಗು ಎಚ್ಚರ ಇದ್ದಾಗಲೇ ಅವನಿಗೆ ತುಂಡು ಚಪಾತಿ, ಬೇಯಿಸಿದ ಮೊಟ್ಟೆ, ಒಳ್ಳೆಯ ಮಾತು. ಮಗು ಮಲಗಿದಾಗ ಅವನೂ ಸುಮ್ನೆ ಮಲಗಲಿ. ಬಟ್ಟೆ, ವಾಸನೆ, ರೆಕಾರ್ಡಿಂಗ್ ಎಲ್ಲಕ್ಕಿಂತ ಇದೊಂದು ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ.

ನಮ್ಮ ಮನೆಗಳಲ್ಲಿ ಮಗುವನ್ನು ನೆಲದ ಮೇಲೆ ಕೌದಿ ಹಾಸಿ ಮಲಗಿಸುತ್ತೇವೆ, ಸೀರೆಯ ಜೋಲಿ ಕಟ್ಟಿದರೂ ಅದು ನಾಯಿಯ ಮೂಗಿನ ಎತ್ತರದಲ್ಲೇ ತೂಗುತ್ತದೆ. ಹಾಗಾಗಿ ಒಂದು ಮಾತು ಕಡ್ಡಾಯ. ದೊಡ್ಡವರಿಲ್ಲದೆ ಇಬ್ಬರೇ ಒಂದು ಕೋಣೆಯಲ್ಲಿ ಇರಬಾರದು, ಒಲೆ ಮೇಲಿನ ಹಾಲು ಇಳಿಸಿ ಬರುವಷ್ಟು ಹೊತ್ತೂ. ಕೆಂಚ ಎಷ್ಟೇ ಸಾಧು ಆಗಿದ್ದರೂ ಸರಿ.

ಅವನು ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಂಚಿನಲ್ಲಿ ಬಿಳಿ ಕಾಣುವಂತೆ ನೋಡಿದರೆ, ಮೈ ಬಿಗಿ ಹಿಡಿದರೆ, ಅವನಿಗೆ ಕಷ್ಟವಾಗುತ್ತಿದೆ, ದೂರ ಕರೆದುಕೊಂಡು ಹೋಗು. ಗುರ್ ಅಂದರೆ ಹೊಡೆಯಬೇಡ. ಹೊಡೆದರೆ ಭಯ ಹೋಗುವುದಿಲ್ಲ, ಮುನ್ಸೂಚನೆ ಮಾತ್ರ ನಿಲ್ಲುತ್ತದೆ, ಆಮೇಲೆ ಸದ್ದಿಲ್ಲದೆ ಕಚ್ಚುವ ನಾಯಿಯಾಗುತ್ತಾನೆ. ಹಲ್ಲೋ ಉಗುರೋ ತಾಗಿದರೆ, ಲಸಿಕೆ ಹಾಕಿಸಿದ ನಾಯಿಯೇ ಆಗಿರಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸೀದಾ ಡಾಕ್ಟರ್ ಹತ್ತಿರ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಲು ಯಾರಿಗೂ ಬಿಡಬೇಡ.

ನಿಜವಾದ ಪರೀಕ್ಷೆ ಮಗು ಅಂಬೆಗಾಲು ಇಡಲು ಶುರು ಮಾಡಿದಾಗ. ಅಲ್ಲಿಯವರೆಗೆ ಮಲಗಿದ್ದಲ್ಲೇ ಇದ್ದದ್ದು ಈಗ ಅವನ ತಟ್ಟೆಗೇ ಕೈ ಹಾಕುತ್ತದೆ, ಬಾಲ ಎಳೆಯುತ್ತದೆ. ಕೆಂಚನಿಗೆ ಎದ್ದುಹೋಗಿ ಕೂರಲು ಮಗು ತಲುಪದ ಜಾಗ ಬೇಕು. ಅವನು ಊಟ ಮಾಡುವಾಗ, ಮಲಗಿದಾಗ ಅಲ್ಲಿಗೆ ಯಾರೂ ಹೋಗಬಾರದು. ಹಜಾರಕ್ಕೂ ಹಿಂದಿನ ಕೋಣೆಗೂ ನಡುವೆ ಒಂದು ಚಿಕ್ಕ ಗೇಟು ಹಾಕಿಸು. ನಮ್ಮ ಮನೆಗೆ ಮಾಡಿಸಿದ್ದು ಅಟ್ಟದ ಮೇಲೆ ಸುಮ್ನೆ ಬಿದ್ದಿದೆ, ಬಾಗಿಲಿನ ಅಗಲ ಅಳೆದು ಕಳಿಸು, ಸರಿಹೊಂದಿದರೆ ಮುಂದಿನ ಸಲ ಊರಿಗೆ ಬರುವಾಗ ಬಸ್ಸಿನಲ್ಲಿ ಹಾಕಿಕೊಂಡು ಬರುತ್ತೇನೆ. ಅಮ್ಮನ ಹತ್ತಿರ ನಾನೇ ಮಾತಾಡಬೇಕು ಅಂದರೂ ಮಾತಾಡುತ್ತೇನೆ. ಅಲ್ಲಿಯ ತನಕ ಕೆಂಚನನ್ನು ತೋಟಕ್ಕೆ ಕಳಿಸಬೇಡ.

ನಿನ್ನ ಗೆಳೆಯ