ಪಿನ್ನಿಯ ಮನೆ, ಪೆರೋನ ಸೇತುವೆ

ಬ್ರಿಸ್ಟಲ್

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಅರ್ಧಕ್ಕೇ ನಿಲ್ಲಿಸಿದ್ದೆನಲ್ಲ, ಆ ಹಳೇ ಮನೆಯ ವಿಷಯ, ಅದನ್ನು ಪೂರ್ತಿ ಬರೆಯುತ್ತೇನೆ.

ಗ್ರೇಟ್ ಜಾರ್ಜ್ ಬೀದಿಯ ಆ ಮನೆ ಈಗ ಮ್ಯೂಸಿಯಂ. 1790ರ ಸುಮಾರಿಗೆ ಅದನ್ನು ಕಟ್ಟಿಸಿದವನು ಜಾನ್ ಪಿನ್ನಿ. ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಅವನಿಗೆ ಕಬ್ಬಿನ ತೋಟವಿತ್ತು. ದುಡಿಯುತ್ತಿದ್ದವರು ಗುಲಾಮರು. ನೆಲಮಾಳಿಗೆಯಲ್ಲಿ ಅವನು ತಣ್ಣೀರಲ್ಲಿ ಮುಳುಗಿ ಏಳಲು ಕಟ್ಟಿಸಿಕೊಂಡ ಕಲ್ಲಿನ ತೊಟ್ಟಿ ಇದೆ. ಅದರ ಅಂಚಿನಲ್ಲಿ ನಿಂತಾಗ ನಮ್ಮ ಆಲೆಮನೆಯ ಬಿಸಿ ನೆನಪಾಯಿತು. ಆ ಬಿಸಿಯಲ್ಲಿ ಬೆಂದವರು ಅಲ್ಲಿ, ಈ ತಂಪು ಇವನಿಗೆ.

ಈ ಮನೆತನ ನೆವಿಸ್‌ಗೆ ಹೋದ ಕಥೆ ಕೇಳು. 1685ರಲ್ಲಿ ರಾಜನ ವಿರುದ್ಧ ದಂಗೆಯೆದ್ದು ಸಿಕ್ಕಿಬಿದ್ದ ಅಜರಾಯ ಪಿನ್ನಿಗಾಗಿ ಅವನ ಅಕ್ಕ ಹೆಸ್ಟರ್ 65 ಪೌಂಡ್ ಕಟ್ಟಿದಳು. ತಮ್ಮನ ಜೀವ ಉಳಿಯಿತು, ಅವನನ್ನು ನೆವಿಸ್‌ಗೆ ಗಡೀಪಾರು ಮಾಡಿದರು. ಅವನು ಅಲ್ಲಿ ಬೇರು ಬಿಟ್ಟ. 1762ರಲ್ಲಿ ಆಸ್ತಿ ದೂರದ ನೆಂಟನಾದ ಈ ಜಾನ್‌ಗೆ ಬಂತು. ಅದಕ್ಕಾಗಿ ಪ್ರೆಟರ್ ಅಂತಿದ್ದವನು ಪಿನ್ನಿ ಅಂತ ಹೆಸರೂ ಬದಲಿಸಿಕೊಂಡ.

1765ರಲ್ಲಿ ಜಾನ್ ಪೆರೋ ಎಂಬ 12 ವರ್ಷದ ಹುಡುಗನನ್ನು ಗುಲಾಮನಾಗಿ ಕೊಂಡ. ಜೊತೆಗೆ ಆ ಹುಡುಗನ ತಂಗಿಯರಾದ ನ್ಯಾನ್ಸಿ, ಶೀಬಾರನ್ನೂ. ಅಕ್ಕ ದುಡ್ಡು ಕೊಟ್ಟು ತಮ್ಮನನ್ನು ಬಿಡಿಸಿಕೊಂಡ ಮನೆತನ ಅಮ್ಮ ಇದು! ಅದೇ ಮನೆತನ ದುಡ್ಡು ಕೊಟ್ಟು ಅಣ್ಣ-ತಂಗಿಯರನ್ನು ಕೊಂಡಿತು. ನನಗೆ ಸಿಟ್ಟು ಬಂದಿದ್ದು ಅಲ್ಲೇ.

1783ರಲ್ಲಿ ಪಿನ್ನಿ ಸಂಸಾರ ಇಂಗ್ಲೆಂಡಿಗೆ ಬಂದಾಗ ಪೆರೋನನ್ನೂ ಕರೆತಂದರು. ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿದ. ಬಿಡುಗಡೆ ಮಾತ್ರ ಸಿಗಲಿಲ್ಲ. 1798ರಲ್ಲಿ ತೀರಿಕೊಂಡ. ಪಿನ್ನಿಯ ಹೆಂಡತಿ ಜೇನ್‌ಳ ಸೇವಕಿ ಫ್ಯಾನಿ ಕೋಕರ್‌ಗೆ 1778ರಲ್ಲೇ ಬಿಡುಗಡೆಯಾಗಿತ್ತು. ಅವಳೂ ಜೊತೆಗೆ ಬಂದಳು, ಅವಳ ತಾಯಿ ಪಾಲಿ ಮಾತ್ರ ನೆವಿಸ್‌ನಲ್ಲೇ ಗುಲಾಮಳಾಗಿ ಉಳಿದಳು. ಇದನ್ನು ಓದಿದಾಗ ನೀನು ಏರ್‌ಪೋರ್ಟಿನಲ್ಲಿ ಕೈಬೀಸಿದ್ದು ಕಣ್ಣಿಗೆ ಬಂತು. ನಾನು ಬೇಕೆಂದಾಗ ಬರಬಲ್ಲೆ, ಅಲ್ವಾ?

ಗುಲಾಮಗಿರಿ ನಿಲ್ಲಿಸುವಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಎಲ್ಲ ಮಾಲೀಕರ ಕಡೆಯವರಿಗೇ. ಜಾನ್‌ನ ಮಗ ಚಾರ್ಲ್ಸ್‌ಗೂ ಪಾಲು ಸಿಕ್ಕಿತು. 1831ರಲ್ಲಿ ಅವನು ಈ ಊರಿನ ಮೇಯರ್ ಕೂಡ.

ಇಲ್ಲಿ ಬಂದರಿನ ಮೇಲೆ ಪೆರೋನ ಹೆಸರಿನ ಕಾಲುಸೇತುವೆ ಇದೆ, ಎರಡು ದೊಡ್ಡ ಕೊಂಬುಗಳಿರೋದು. ಫೋಟೋದಲ್ಲಿ ನನ್ನ ಹಿಂದೆ ಕಾಣುತ್ತಲ್ಲ, ಅದೇ. ಅಪ್ಪನಿಗೂ ತೋರಿಸು, ಹೆಸರು ಯಾರದ್ದು ಅಂತ ಹೇಳು.

ನಿನ್ನ ಮಗಳು